‘ಕಾಂಪಿಟೇಶನ್’ ಕೆಟಲ್‌ಬೆಲ್ ಅಂತ ಮರಳಿನ ಡಬ್ಬ ಕಳಿಸಿದರು, ಹುಷಾರು

ಆನ್‌ಲೈನ್‌ನಲ್ಲಿ ‘ಕಾಂಪಿಟೇಶನ್ ಗ್ರೇಡ್, 100% ಸಾಲಿಡ್’ ಅಂತ ಹಾಕಿರೋ ಕೆಟಲ್‌ಬೆಲ್‌ಗೆ (ವ್ಯಾಯಾಮಕ್ಕೆ ಎತ್ತೋ, ಮೇಲೆ ಹಿಡಿ ಇರೋ ಕಬ್ಬಿಣದ ಗುಂಡು) ದುಡ್ಡು ಕಟ್ಟೋ ಮೊದಲು ಇದನ್ನೊಂದು ಸಲ ಓದಿ. 16 ಕೆ.ಜಿ.ಯ ಜೋಡಿ, ಡೆಲಿವರಿ ಸೇರಿ 6,800 ರೂಪಾಯಿ. ರೇಟು ನೋಡಿದಾಗಲೇ ಅನುಮಾನ ಬರಬೇಕಿತ್ತು. ಬರಲಿಲ್ಲ. ‘ನೋಡಿ ತಗೊಳ್ರಪ್ಪಾ’ ಅಂತ ಊರಿಗೆಲ್ಲ ಬುದ್ಧಿ ಹೇಳೋ ನಾನೇ ಹಳದಿ ಬಣ್ಣಕ್ಕೆ ಮರುಳಾಗಿ ಟೋಪಿ ಹಾಕಿಸ್ಕೊಂಡೆ.

ನಾಚಿಕೆ ಆಗೋದು ಯಾಕೆ ಅಂದ್ರೆ ಸುಳ್ಳು ಜಾಹೀರಾತಿನಲ್ಲೇ ಇತ್ತು. ಕಾಂಪಿಟೇಶನ್ ಬೆಲ್ ಅಂದ್ರೆ ತೂಕ ಎಷ್ಟೇ ಇರಲಿ, ಗಾತ್ರ ಒಂದೇ. 16ಕ್ಕೆ ಹಳದಿ, 24ಕ್ಕೆ ಹಸಿರು, 32ಕ್ಕೆ ಕೆಂಪು, ಆದರೆ ಮೂರೂ ಸುಮಾರು 21 ಸೆಂ.ಮೀ. ಅಡ್ಡಳತೆಯ ಗುಂಡು. ಅಷ್ಟು ದೊಡ್ಡ ಗುಂಡು ಪೂರ್ತಿ ಗಟ್ಟಿ ಎರಕದ ಕಬ್ಬಿಣ ಆಗಿದ್ರೆ 35 ಕೆ.ಜಿ. ಹತ್ತಿರ ತೂಗುತ್ತೆ. 16 ಕೆ.ಜಿ. ಕಬ್ಬಿಣವನ್ನ ಗಟ್ಟಿ ಉಂಡೆ ಮಾಡಿದ್ರೆ ಅಡ್ಡಳತೆ 16 ಸೆಂ.ಮೀ. ದಾಟಿದ್ರೆ ಹೆಚ್ಚು. ಅಂದ ಮೇಲೆ 16ರ ಕಾಂಪಿಟೇಶನ್ ಬೆಲ್ ‘ಸಾಲಿಡ್’ ಆಗೋದು ಹೇಗೆ? ಆಗಲ್ಲ. ಒಳಗೆ ಪೊಳ್ಳು ಇರಲೇಬೇಕು. ಪೊಳ್ಳಿರೋದು ತಪ್ಪಲ್ಲ, ಒಳ್ಳೆಯವರು ಅದನ್ನ ಖಾಲಿ ಬಿಡ್ತಾರೆ, ಇಲ್ಲ ಅಲುಗಾಡದ ಹಾಗೆ ಗಿಡಿದು ತುಂಬ್ತಾರೆ. ಈ ಲೆಕ್ಕ ಗೊತ್ತಿದ್ದೂ ಬಟನ್ ಒತ್ತಿದೆ ನೋಡಿ, ಅದಕ್ಕೆ ಹೊಟ್ಟೆ ಉರಿಯೋದು.

ಬಾಕ್ಸ್ ಬಿಚ್ಚಿದಾಗ ಎಲ್ಲ ಚೆನ್ನಾಗೇ ಇತ್ತು. ಬಣ್ಣ ಫಳಫಳ. ಎರಡು ಕೈಯಲ್ಲಿ ಹಿಡಿದು ಸ್ವಿಂಗ್, ಅಂದ್ರೆ ತೊಡೆ ಮಧ್ಯೆಯಿಂದ ಮುಂದಕ್ಕೆ ಬೀಸಿದಾಗಲೂ ಏನೂ ಗೊತ್ತಾಗಲಿಲ್ಲ. ಗೊತ್ತಾಗಿದ್ದು ಕ್ಲೀನ್‌ನಲ್ಲಿ, ಅಂದ್ರೆ ಬೆಲ್ಲನ್ನ ಕೆಳಗಿಂದ ಭುಜದ ಹತ್ತಿರಕ್ಕೆ ತರೋ ಎತ್ತಿನಲ್ಲಿ. ಬೆಲ್ ತಿರುಗಿ ಮುಂಗೈ ಮೇಲೆ ಕೂತಿತು. ಕೂತ ಮೇಲೆ, ಅರೆಕ್ಷಣ ಬಿಟ್ಟು, ಒಳಗಿಂದ ಇನ್ನೊಂದು ಸಲ ‘ದಪ್’. ಮತ್ತೆ ಮಾಡಿದೆ. ಮತ್ತೆ ‘ದಪ್’. ಕಿವಿ ಹತ್ತಿರ ಇಟ್ಟು ಅಲ್ಲಾಡಿಸಿದ್ರೆ ತಗಡಿನ ಡಬ್ಬದಲ್ಲಿ ರಾಗಿ ಉಳಿದಿರುತ್ತಲ್ಲ, ಆ ಸದ್ದು.

ಇದು ಬರೀ ಸದ್ದಿನ ಕಿರಿಕಿರಿ ಅಲ್ಲ. ಸ್ನ್ಯಾಚ್‌ನಲ್ಲಿ ಬೆಲ್ ಕೈ ಸುತ್ತಿ ತಲೆ ಮೇಲೆ ಹೋಗಿ ನಿಂತಾಗ ಒಳಗಿನ ಮಾಲು ತಡವಾಗಿ ಬಂದು ಬಡಿಯುತ್ತೆ. ಮುಂಗೈ ಮೂಳೆಗೆ ಎರಡನೇ ಏಟು, ಮಣಿಕಟ್ಟು ಹಿಂದಕ್ಕೆ ವಾಲುತ್ತೆ. ಸುಸ್ತಾಗಿ ಹಿಡಿತ ಸಡಿಲ ಆದಾಗ ಹೀಗಾದ್ರೆ ಬೆಲ್ ಎಲ್ಲಿ ಬೀಳುತ್ತೋ ದೇವರೇ ಬಲ್ಲ.

ಆಮೇಲೆ ತೂಕ. ಮನೆಯ ಡಿಜಿಟಲ್ ಮಷೀನ್‌ನಲ್ಲಿ ಒಂದು 14.3, ಇನ್ನೊಂದು 15.2. ಎರಡರ ಮೇಲೂ ‘16’ ಅಂತ ಉಬ್ಬಕ್ಷರ! ಬೀದಿ ಕೊನೆಯ ಗುಜರಿ ಅಂಗಡಿಯಲ್ಲಿ ಸರ್ಕಾರಿ ಸೀಲ್ ಇರೋ ತಕ್ಕಡಿಯಲ್ಲಿ ಇಟ್ಟೆ, ಹೆಚ್ಚೂಕಮ್ಮಿ ಅದೇ ಬಂತು. ಗುಜರಿಯವನು ಬೆಲ್ಲನ್ನ ಬೆರಳಲ್ಲಿ ತಟ್ಟಿ ನೋಡಿ, ‘ಇದು ಕಬ್ಬಿಣದ ರೇಟಿಗೆ ಬರಲ್ಲ ಸಾರ್’ ಅಂದ. ಅವನಿಗೆ ಒಂದು ತಟ್ಟಿಗೆ ಗೊತ್ತಾಯ್ತು.

ಮಾರಿದವರಿಗೆ ವಾಟ್ಸಾಪ್ ಮಾಡಿದೆ. ಬಂದ ಉತ್ತರಗಳು ಇವು:

‘ಸರ್, ಟಾಲರೆನ್ಸ್ ಇರುತ್ತೆ.’ ಟಾಲರೆನ್ಸ್ ಅಂದ್ರೆ ತೂಕದಲ್ಲಿ ನಡೆಯೋ ಚೂರು ಹೆಚ್ಚುಕಮ್ಮಿ. ಒಂದೂಮುಕ್ಕಾಲು ಕೆ.ಜಿ. ಟಾಲರೆನ್ಸಾ? ಅದು ನೂರಕ್ಕೆ ಹತ್ತಕ್ಕಿಂತ ಜಾಸ್ತಿ.

‘ಮನೆ ಮಷೀನ್ ಕರೆಕ್ಟ್ ಇರಲ್ಲ ಸರ್.’ ಗುಜರಿ ಅಂಗಡಿ ತಕ್ಕಡಿಯ ಫೋಟೋ ಕಳಿಸಿದೆ. ನೀಲಿ ಟಿಕ್ ಬಂತು. ಎರಡು ದಿನ ಮೌನ.

‘ಒಳಗೆ ಬ್ಯಾಲೆನ್ಸಿಂಗ್ ಮೆಟೀರಿಯಲ್ ಇರುತ್ತೆ ಸರ್, ಇಂಪೋರ್ಟೆಡ್ ಬೆಲ್‌ನಲ್ಲೂ ಹಾಗೇ.’ ಇದನ್ನ ಓದಿ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಬ್ಯಾಲೆನ್ಸಿಂಗ್ ಮೆಟೀರಿಯಲ್ ಅಂತೆ!

ಆ ಸಿಟ್ಟಿನಲ್ಲಿ ನಾನು ಮಾಡಿದ್ದೇ ತಪ್ಪು. ತಳದಲ್ಲಿ ರಬ್ಬರ್ ಬಿರಡೆ ಇತ್ತು, ಒಂದು ಬೆಲ್‌ನದನ್ನ ಸ್ಕ್ರೂಡ್ರೈವರ್ ಹಾಕಿ ಮೀಟಿದೆ. ಪೇಪರ್ ಮೇಲೆ ಸುರಿದ್ರೆ ಮರಳು, ಲೇತ್ ಮಷೀನಿನಲ್ಲಿ ಉದುರೋ ಲೋಹದ ಚೂರು, ಒಡೆದ ಸಿಮೆಂಟ್ ಹೆಂಟೆ. ಸಿಮೆಂಟ್ ಹೊಯ್ದು ಹಿಡಿಸಿದ್ದಾರೆ, ಅದು ಬಿರುಕು ಬಿಟ್ಟು ಉಳಿದದ್ದೆಲ್ಲ ಸಡಿಲ ಆಗಿದೆ. ಫೋಟೋ ಕಳಿಸಿದ್ದಕ್ಕೆ ಐದೇ ನಿಮಿಷದಲ್ಲಿ ಉತ್ತರ, ಅದುವರೆಗೆ ಅಷ್ಟು ಬೇಗ ಬಂದೇ ಇರಲಿಲ್ಲ: ‘ಸರ್ ನೀವೇ ಓಪನ್ ಮಾಡಿದ್ದೀರಾ, ರಿಟರ್ನ್ ಆಗಲ್ಲ.’

ದಯವಿಟ್ಟು ಬಿರಡೆ ಮುಟ್ಟಬೇಡಿ. ಸದ್ದು ಕೇಳೋ ಹಾಗೆ ವಿಡಿಯೋ, ತೂಕದ ವಿಡಿಯೋ, ಅಷ್ಟು ಸಾಕು. ಅದೂ ರಿಟರ್ನ್ ಅವಧಿ ಮುಗಿಯೋದ್ರೊಳಗೆ, ಬಾಕ್ಸ್ ಬಿಸಾಡದೆ.

ದುಡ್ಡಿನ ಲೆಕ್ಕದಲ್ಲಿ ಎರಡೂ ಬೆಲ್ ಸೇರಿ ಕಮ್ಮಿ ಬಂದ ಎರಡೂವರೆ ಕೆ.ಜಿ.ಗೆ ಐನೂರು ಚಿಲ್ಲರೆ ಅಷ್ಟೇ. ಪೆಟ್ಟು ಬೀಳೋದು ಪ್ರಾಕ್ಟೀಸಿಗೆ. 16ರಿಂದ 20ಕ್ಕೆ ಹೋಗೋದು ಅಂದ್ರೇ ಕಾಲು ಭಾಗದ ಏರಿಕೆ, ಅದೇ ದೊಡ್ಡದು. ಕೈಯಲ್ಲಿರೋದು ನಿಜಕ್ಕೂ 14.3 ಆಗಿದ್ದು, ಮುಂದೆ ಸಾಚಾ 20 ತಂದ್ರೆ ಏರಿಕೆ 40%. ಭುಜ ಹಿಡ್ಕೊಂಡಾಗ ‘ಟೆಕ್ನಿಕ್ ಸರಿ ಇಲ್ಲ’ ಅಂತ ನಮ್ಮನ್ನೇ ನಾವು ಬೈಕೋತೀವಿ. ಜೋಡಿ ಬೆಲ್ ಕ್ಲೀನ್ ಮಾಡಿ ಪ್ರೆಸ್, ಅಂದ್ರೆ ಭುಜದಿಂದ ತಲೆ ಮೇಲಕ್ಕೆ ಒತ್ತೋವಾಗ ಒಂದು ಕಡೆ 900 ಗ್ರಾಂ ಹೆಚ್ಚು ಅಂದ್ರೆ ನಡು ಒಂದೇ ಕಡೆ ಎಳೆಯುತ್ತೆ, ಇಪ್ಪತ್ತನೇ ರೆಪ್ ಹೊತ್ತಿಗೆ ಚೆನ್ನಾಗಿ ಗೊತ್ತಾಗುತ್ತೆ.

ಹ್ಯಾಂಡಲ್ ಕಥೆ ಬೇರೆ. 35 ಮಿ.ಮೀ. ಅಂತ ಬರೆದಿದ್ರು, ದಪ್ಪ ಸರಿಯಾಗೇ ಇತ್ತು, ಒಪ್ಪಿದೆ. ಆದರೆ ಒಳಮೈಯಲ್ಲಿ ಎರಕದ ಅಚ್ಚಿನ ಗೆರೆ ಹಾಗೇ ಬಿಟ್ಟಿದ್ದಾರೆ, ಉಜ್ಜಿಲ್ಲ, ಮೇಲೆ ಬಣ್ಣ ಬಳಿದಿದ್ದಾರೆ. ಕ್ಲೀನ್, ಸ್ನ್ಯಾಚ್‌ನಲ್ಲಿ ಹ್ಯಾಂಡಲ್ ಅಂಗೈಯೊಳಗೆ ತಿರುಗುತ್ತೆ, ಆ ಗೆರೆ ನೇರ ಬೆರಳ ಬುಡದಲ್ಲಿ ಕಾಯಿಕಟ್ಟಿದ ಗಟ್ಟಿ ಜಾಗಕ್ಕೆ ಸಿಕ್ಕಿ ಚರ್ಮ ಕಿತ್ತು ಬರುತ್ತೆ. ಹಳೆ ಕಾಲ್ಚೀಲ ಹ್ಯಾಂಡಲ್ ಮೇಲೆ ಎಳೆದು ನೋಡಿ, ದಾರ ಎಲ್ಲಾದ್ರೂ ಸಿಕ್ಕಿಕೊಂಡ್ರೆ ಕೈ ಕೂಡ ಅಲ್ಲೇ ಸಿಕ್ಕಿಕೊಳ್ಳುತ್ತೆ. ಅದೊಂದೇ ದೋಷ ಆಗಿದ್ರೆ ಎಮರಿ ಕಾಗದದಲ್ಲಿ ಉಜ್ಜಿ ಸುಮ್ಮನಾಗ್ತಿದ್ದೆ.

ನನ್ನ ಕೇಳಿದ್ರೆ, ಶುರು ಮಾಡೋರಿಗೆ ಈ ಕಾಂಪಿಟೇಶನ್ ಹುಚ್ಚೇ ಬೇಡ. ಒಂದೇ ಎರಕದ, ಬಿರಡೆ ಇಲ್ಲದ, ಪೌಡರ್ ಕೋಟ್ ಇರೋ ಸಾದಾ ಕಬ್ಬಿಣದ ಬೆಲ್ ತಗೊಳ್ಳಿ, ಅಂಗಡಿಗೆ ಹೋಗಿ, ಅಲ್ಲಾಡಿಸಿ, ತಟ್ಟಿ, ತೂಗಿಸಿ. ‘ತೂಗಬೇಕಾ ಸರ್?’ ಅಂತ ಮುಖ ಗಂಟು ಹಾಕಿದ್ರೆ ಹೊರಗೆ ಬನ್ನಿ. ಪ್ಲಾಸ್ಟಿಕ್ ಹೊದಿಕೆಯ ಬೆಲ್ ಅಂತೂ ಬೇಡವೇ ಬೇಡ, ಸಿಮೆಂಟ್ ತುಂಬಿದ್ದಾದ್ರೆ 16 ಕೆ.ಜಿ.ಗೇ 23 ಸೆಂ.ಮೀ. ಬೇಕು, ಸ್ವಿಂಗ್‌ನಲ್ಲಿ ತೊಡೆ ಮಧ್ಯೆ ಹಾಯೋದೇ ಕಷ್ಟ. ಎರಕದ ಕೆಲಸಕ್ಕೆ ಹೆಸರಾದ ಬೆಳಗಾವಿ ನಮ್ಮಲ್ಲೇ ಇದೆ, ನಾವು ಮರಳಿಗೆ ಕಬ್ಬಿಣದ ದುಡ್ಡು ಕೊಡ್ತಾ ಇದ್ದೀವಿ.

ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟಿದ್ದೀನಿ, ಬಿಲ್ಲು, ಚಾಟ್, ತೂಕದ ಫೋಟೋ ಎಲ್ಲ ಇಟ್ಕೊಂಡು. ಅದಾದ ಮೇಲೆ ಮಾರಿದವರ ಕಡೆಯಿಂದ ಫೋನ್ ಬಂತು: ‘ಬಿರಡೆ ತೆಗೆಯದೇ ಇರೋ ಬೆಲ್ ಮಾತ್ರ ವಾಪಸ್ ತಗೋತೀವಿ ಸರ್, ಕೊರಿಯರ್ ಚಾರ್ಜ್ ನಿಮ್ಮದು.’ ನಿನ್ನೆ ನೋಡಿದೆ, ಅವರ ಪುಟದಲ್ಲಿ ಅದೇ ಹಳದಿ ಬೆಲ್, ಅದೇ ‘100% ಸಾಲಿಡ್’, ಈಗ ಇನ್ನೂರು ರೂಪಾಯಿ ಡಿಸ್ಕೌಂಟ್ ಬೇರೆ.