ಗಾಂಧಿ ಬಜಾರಿನ ಹಿಂದಿನ ಓಣಿಯ ಪಾತ್ರೆ ಬಾಡಿಗೆ ಅಂಗಡಿ: 320 ಜನರ ಊಟದ ಅನುಭವ

ಅಪ್ಪನ ಸಹಸ್ರ ಚಂದ್ರ ದರ್ಶನ ಶಾಂತಿ ಕಳೆದ ತಿಂಗಳು ಶಿವಮೊಗ್ಗದಲ್ಲಿ ನಡೆಯಿತು. ಬೆಳಗಿನ ತಿಂಡಿಗೆ 120 ಜನ, ಮಧ್ಯಾಹ್ನದ ಊಟಕ್ಕೆ 320 ಜನ. ಈ ಕಾರ್ಯಕ್ರಮಕ್ಕೆ ಬೇಕಾದ ಲೋಟ, ತಟ್ಟೆ, ಬಟ್ಟಲು, ಜಗ್ಗು, ನೀರಿನ ಡ್ರಮ್ಮು ಎಲ್ಲವನ್ನೂ ಒಂದು ಪಾತ್ರೆ ಬಾಡಿಗೆ ಅಂಗಡಿಯಿಂದ ತಂದಿದ್ದೆವು. ಯಾರಾದರೂ ತಮ್ಮ ಮನೆಯ ಸಮಾರಂಭವನ್ನು ಕಸವಿಲ್ಲದೆ ಮಾಡಬೇಕು ಅಂದುಕೊಂಡಿದ್ದರೆ ಉಪಯೋಗವಾಗಲಿ ಎಂದು ಲೆಕ್ಕದ ಸಮೇತ ಬರೆಯುತ್ತಿದ್ದೇನೆ.

ಅಂಗಡಿಗೆ ಹೆಸರಿಲ್ಲ. ಶಿವಮೊಗ್ಗದ ಗಾಂಧಿ ಬಜಾರಿನ ಹಿಂದಿನ ಓಣಿಯಲ್ಲಿ, ಮರದ ಹಲಗೆಗಳ ಹಳೆಯ ಬಾಗಿಲಿನ ಮೇಲೆ ‘ಪಾತ್ರೆ ಬಾಡಿಗೆಗೆ ಸಿಗುತ್ತದೆ’ ಎಂದು ಬಣ್ಣದಲ್ಲಿ ಬರೆದಿದೆ, ಅಷ್ಟೇ. ಒಳಗೆ ಹೋದರೆ ಕೊಪ್ಪರಿಗೆ, ಕೊಳಗ, ಬಾಣಲೆ, ಹುಟ್ಟು, ಜರಡಿ ಸೂರಿನವರೆಗೂ ಪೇರಿಸಿಟ್ಟಿವೆ. ನಡೆಸುವವರು ವಯಸ್ಸಾದ ಗಂಡ ಹೆಂಡತಿ. ಯಜಮಾನರು ಲೆಕ್ಕ ಬರೆಯುತ್ತಾರೆ, ಯಾವ ಪಾತ್ರೆ ಎಲ್ಲಿದೆ ಎಂಬುದು ಆ ಅಮ್ಮನಿಗೆ ಗೊತ್ತು.

ನಾನು ಅಲ್ಲಿಗೆ ಹೋಗಲು ಕಾರಣವಾದದ್ದು ಹೋದ ವರ್ಷ ನೋಡಿದ ಒಂದು ದೃಶ್ಯ. ನಮ್ಮ ನೆಂಟರ ಮನೆಯ ಮದುವೆ, ಊಟ ತುಂಬ ಚೆನ್ನಾಗಿತ್ತು. ಕೈ ತೊಳೆಯಲು ಮಂಟಪದ ಹಿಂದೆ ಹೋದರೆ ಬಾಳೆ ಎಲೆಯ ರಾಶಿಯ ಹತ್ತಿರ ಎರಡು ಹಸು ನಿಂತಿದ್ದವು. ಎಲೆಯ ಜೊತೆಗೇ ಮೇಜಿಗೆ ಹಾಸಿದ ಹಾಳೆಯನ್ನೂ ಸುತ್ತಿ ಎಸೆದಿದ್ದರು. ಕಾಗದದ ಹಾಗೆ ಕಾಣುವ ಆ ಹಾಳೆಗೆ ಒಂದು ಬದಿಯಲ್ಲಿ ಪ್ಲಾಸ್ಟಿಕ್ ಪದರ ಇರುತ್ತದೆ. ಹಸು ಎಲೆಯನ್ನು ಎಳೆದಾಗ ಹಾಳೆಯೂ ಬಾಯಿಗೆ ಹೋಯಿತು. ನಾನು ಓಡಿಹೋಗಿ ಎಳೆಯಲು ನೋಡಿದೆ, ಅರ್ಧ ಮಾತ್ರ ಕೈಗೆ ಬಂತು. ಆ ಅರ್ಧ ಹಾಳೆ, ಅದರ ಮೇಲಿನ ಸಾರಿನ ಕಲೆ, ಹಸುವಿನ ಬಿಸಿ ಎಂಜಲು, ಇವತ್ತಿಗೂ ಕೈಯಲ್ಲೇ ಇದೆ ಅನ್ನಿಸುತ್ತದೆ. ಅಲ್ಲೇ ಪಕ್ಕದಲ್ಲಿ 200 ಮಿಲಿಯ ನೀರಿನ ಬಾಟಲಿಗಳು, ಅರ್ಧಕ್ಕರ್ಧ ನೀರು ತುಂಬಿದ್ದಂತೆಯೇ, ಮೂಟೆ ಮೂಟೆ ಬಿದ್ದಿದ್ದವು.

ಕರ್ನಾಟಕದಲ್ಲಿ 2016ರ ಮಾರ್ಚ್‌ನಲ್ಲೇ ಪ್ಲಾಸ್ಟಿಕ್ ತಟ್ಟೆ, ಲೋಟ, ಚಮಚಗಳ ಜೊತೆಗೆ ಊಟದ ಮೇಜಿಗೆ ಹಾಸುವ ಪ್ಲಾಸ್ಟಿಕ್ ಹಾಳೆಯನ್ನೂ ನಿಷೇಧಿಸಿದ್ದಾರೆ. 2022ರ ಜುಲೈ 1ರಿಂದ ಒಮ್ಮೆ ಬಳಸಿ ಎಸೆಯುವ ಕೆಲವು ಪ್ಲಾಸ್ಟಿಕ್ ಸಾಮಾನುಗಳ ಮೇಲೆ ದೇಶಕ್ಕೆಲ್ಲ ನಿಷೇಧ ಬಂತು. ಅವುಗಳ ಜಾಗಕ್ಕೆ ಬಂದದ್ದು ಕಾಗದದ ಲೋಟ. ಅದರ ಒಳಗೂ ತೆಳ್ಳಗೆ ಪಾಲಿಥೀನ್ ಲೇಪ ಇರುವುದರಿಂದಲೇ ಕಾಫಿ ಸೋರುವುದಿಲ್ಲ. ಹೆಸರು ಕಾಗದದ್ದು, ಗೊಬ್ಬರದ ಗುಂಡಿಗೆ ಹಾಕಿದರೆ ಆ ಲೇಪ ಹಾಗೇ ಉಳಿಯುತ್ತದೆ.

ಅಪ್ಪನ ಕಾರ್ಯಕ್ರಮಕ್ಕೆ ಅಡಿಗೆ ಭಟ್ಟರನ್ನು ಗೊತ್ತುಮಾಡುವಾಗಲೇ ಹೇಳಿದೆ: “ಭಟ್ರೆ, ಬಾಟ್ಲಿ ಬೇಡ, ಪೇಪರ್ ಲೋಟ ಬೇಡ, ಟೇಬಲ್ ರೋಲ್ ಬೇಡ, ಐಸ್‌ಕ್ರೀಮ್ ಕಪ್ಪೂ ಬೇಡ.” ಅವರು ಅಡಿಗೆಯಲ್ಲಿ ಎತ್ತಿದ ಕೈ, ಮನುಷ್ಯರೂ ಒಳ್ಳೆಯವರು. ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು, “ಎಲ್ಲಾ ಸರಿ ಅಮ್ಮಾ, ತೊಳೆಯೋರು ಯಾರು? ನನ್ನ ಹುಡುಗ್ರು ಬಡಿಸ್ತಾರೆ, ಲೋಟ ತೊಳೆಯಕ್ಕೆ ನಿಲ್ಲಲ್ಲ.”

ನ್ಯಾಯವಾದ ಪ್ರಶ್ನೆ. ಸಮಾರಂಭದ ಕಸ ಕಡಿಮೆ ಮಾಡುವ ಮಾತು ಎಲ್ಲೇ ಬಂದರೂ ಕೊನೆಗೆ ನಿಲ್ಲುವುದು ಇಲ್ಲೇ. ತೊಳೆಯುವ ಜನ ಸಿಗದೆ ಇರುವುದರಿಂದಲೇ ಬಾಟಲಿ ಬಂತು, ಕಪ್ಪು ಬಂತು. ಈ ಅಂಗಡಿಯನ್ನು ನಾನು ಇಷ್ಟು ಹೊಗಳುವುದಕ್ಕೆ ಮುಖ್ಯ ಕಾರಣವೂ ಅದೇ. ಪಾತ್ರೆಯ ಜೊತೆಗೆ ತೊಳೆಯುವವರನ್ನೂ ಅವರೇ ಗೊತ್ತುಮಾಡಿಕೊಟ್ಟರು. ಅಂಗಡಿಯ ಅಮ್ಮನಿಗೆ ಪರಿಚಯದ ಮೂವರು ಹೆಂಗಸರು, ದಿನಕ್ಕೆ ತಲಾ 700 ರೂಪಾಯಿ, ಬೆಳಿಗ್ಗೆ ಏಳರಿಂದ ನಾಲ್ಕರವರೆಗೆ. ಅವರಿಗೆ ತಿಂಡಿ ಊಟ ನಮ್ಮ ಪಂಕ್ತಿಯಲ್ಲೇ.

ಅವರು ತೊಳೆಯುವ ಕ್ರಮವನ್ನು ನೋಡುತ್ತಾ ನಿಂತುಬಿಟ್ಟೆ. ಸಾಲಾಗಿ ನಾಲ್ಕು ಟಬ್. ಎಂಜಲನ್ನು ಮೊದಲು ಬಕೆಟ್ಟಿಗೆ ಬಳಿದು, ಮೊದಲ ಟಬ್ಬಿನ ಬರೀ ನೀರಿನಲ್ಲಿ ಅದ್ದಿ ತೆಗೆಯುವುದು. ಎರಡನೆಯದರಲ್ಲಿ ಸೋಪಿನ ನೀರು. ಮೂರು ಮತ್ತು ನಾಲ್ಕನೆಯದರಲ್ಲಿ ಜಾಲಿಸುವುದು. ಕೊನೆಯ ಟಬ್ಬಿನ ನೀರು ಸ್ವಲ್ಪ ಮಬ್ಬಾದರೆ ಅದನ್ನು ಮೂರನೆಯದಕ್ಕೆ ಸುರಿದು ಹೊಸ ನೀರು ತುಂಬುತ್ತಾರೆ, ಮೂರನೆಯದು ಮೊದಲನೆಯದಕ್ಕೆ ಹೋಗುತ್ತದೆ. ನಲ್ಲಿ ಬಿಟ್ಟುಕೊಂಡು ತೊಳೆಯುವ ಪ್ರಶ್ನೆಯೇ ಇಲ್ಲ. “ಸ್ಟೀಲ್ ಲೋಟ ತೊಳೆಯಕ್ಕೆ ನೀರು ಪೋಲಾಗಲ್ವಾ?” ಎಂದು ಕೇಳಿದವರಿಗೆಲ್ಲ ನಾನು ಈ ನಾಲ್ಕು ಟಬ್ ತೋರಿಸಿದೆ. ಕಡೆಯಲ್ಲಿ ಸೋಪಿಲ್ಲದ ನೀರನ್ನು ಮಂಟಪದ ತೆಂಗಿನ ಬುಡಕ್ಕೆ ಹಾಕಿದೆವು.

ಇನ್ನು ಪಾತ್ರೆಗಳ ಸ್ಥಿತಿ. ತಟ್ಟೆಗಳು ಗಟ್ಟಿ ಸ್ಟೀಲು, ಒಂದೂ ಸೊಟ್ಟಗಾಗಿರಲಿಲ್ಲ. ಲೋಟಗಳು ಒಂದೇ ಅಳತೆಯವಲ್ಲ, ಮೂರು ನಾಲ್ಕು ತರಹದವು ಬೆರೆತಿದ್ದವು, ನನಗೆ ಅದೇ ಇಷ್ಟವಾಯಿತು. ಕೆಲವು ಲೋಟಗಳ ಅಂಚಿನ ಕೆಳಗೆ ಚುಕ್ಕಿ ಚುಕ್ಕಿಯಾಗಿ ಹೆಸರು ಕೊರೆದಿತ್ತು. ಹಿಂದೆ ಮದುವೆಗೆ ಉಡುಗೊರೆ ಕೊಡುವಾಗ ಅಂಗಡಿಯಲ್ಲೇ ಹೆಸರು ಹಾಕಿಸುತ್ತಿದ್ದರಲ್ಲ, ಅವು. ಯಾರೋ ಮನೆ ಖಾಲಿ ಮಾಡುವಾಗ ಮಾರಿದ್ದನ್ನು ಯಜಮಾನರು ಕೊಂಡಿದ್ದಂತೆ. ಅಪ್ಪನ ಕೈಗೆ ಬಂದ ಲೋಟದ ಮೇಲೆ ಯಾರದೋ ಎರಡು ಅಕ್ಷರ, ಕೆಳಗೆ 12-5-1983 ಎಂದು ದಿನಾಂಕ. ಅಪ್ಪ ಕನ್ನಡಕ ಹಾಕಿಕೊಂಡು ಓದಿ, “ಈ ಲೋಟಕ್ಕೆ ನಲವತ್ತು ದಾಟಿದೆ” ಎಂದು ಪಕ್ಕದಲ್ಲಿ ಕೂತ ಚಿಕ್ಕಪ್ಪನಿಗೆ ತೋರಿಸಿದರು. ಆಮೇಲೆ ಆ ಪಂಕ್ತಿಯವರೆಲ್ಲ ತಮ್ಮ ತಮ್ಮ ಲೋಟ ತಿರುಗಿಸಿ ಹೆಸರು ಹುಡುಕಿದರು.

ಬಾಡಿಗೆಯ ಲೆಕ್ಕ ಹೀಗೆ. ತಿಂಡಿ ತಟ್ಟೆ 150, ಒಂದಕ್ಕೆ 3 ರೂಪಾಯಿಯಂತೆ 450. ನೀರಿನ ಲೋಟ 450, ಒಂದೂವರೆಯಂತೆ 675. ಸಣ್ಣ ಬಟ್ಟಲು 350, ಅದೂ ಒಂದೂವರೆ, 525. ಕಾಫಿ ಲೋಟ 200ಕ್ಕೆ 200. ಜಗ್ಗು 15ಕ್ಕೆ 150, ನಲ್ಲಿ ಇರುವ ಸ್ಟೀಲ್ ಡ್ರಮ್ಮು ಎರಡಕ್ಕೆ 200. ಒಟ್ಟು 2,200. ತೊಳೆಯುವವರಿಗೆ 2,100, ಗೂಡ್ಸ್ ಆಟೋಗೆ ಹೋಗಿ ಬರಲು 500. ಎಲ್ಲ ಸೇರಿ 4,800 ರೂಪಾಯಿ. ಬಾಟಲಿ, ಕಪ್ಪು, ರೋಲ್ ಇಲ್ಲದ್ದಕ್ಕೆ ಭಟ್ಟರು ಎಲೆಯೊಂದಕ್ಕೆ 9 ರೂಪಾಯಿ ಕಡಿಮೆ ಮಾಡಿಕೊಂಡರು, ಅದು 2,880. ಅಂದರೆ ನಮಗೆ 1,920 ಹೆಚ್ಚು ಖರ್ಚಾಯಿತು, ತಲೆಗೆ 6 ರೂಪಾಯಿ. ಇದನ್ನು ಮುಚ್ಚಿಟ್ಟು “ದುಡ್ಡು ಉಳಿಯುತ್ತೆ” ಎಂದು ಹೇಳುವುದಿಲ್ಲ. ಆ ಹೆಚ್ಚಿನ ದುಡ್ಡು ಮೂರು ಜನರ ಕೂಲಿಗೆ ಹೋಗಿದೆ, ನನಗೆ ಅದರಲ್ಲಿ ಸಮಾಧಾನವಿದೆ. ಠೇವಣಿ 3,000 ಕೊಟ್ಟಿದ್ದೆವು. 11 ಲೋಟ, ಒಂದು ಜಗ್ಗಿನ ಮುಚ್ಚಳ ಕಾಣೆಯಾಗಿತ್ತು, ಅದರ ಬೆಲೆ ಹಿಡಿದುಕೊಂಡು ಉಳಿದದ್ದನ್ನು ಅದೇ ಸಂಜೆ ಕೊಟ್ಟರು.

ಊಟ ಬಾಳೆ ಎಲೆಯಲ್ಲೇ, ಅದರಲ್ಲಿ ಚರ್ಚೆಯೇ ಇರಲಿಲ್ಲ. ತಿಂಡಿಗೆ ಮಾತ್ರ ನಮ್ಮ ಭಾವ ಅಡಿಕೆ ಹಾಳೆಯ ತಟ್ಟೆ ತರೋಣ ಎಂದಿದ್ದರು. ಅಡಿಕೆಯ ನಾಡಿನಲ್ಲಿ ಕೂತು ಹಾಳೆ ತಟ್ಟೆ ಬೇಡ ಎನ್ನಲು ನನಗೂ ಮನಸ್ಸು ಬರಲಿಲ್ಲ. ತಾನಾಗಿ ಬಿದ್ದ ಹಾಳೆಯನ್ನು ತೊಳೆದು, ಬಿಸಿ ಅಚ್ಚಿನಲ್ಲಿ ಒತ್ತಿ ಮಾಡುವ ತಟ್ಟೆ ಅದು, ಮರ ಕಡಿಯುವ ಮಾತಿಲ್ಲ, ಎಷ್ಟೋ ಮನೆಗಳಿಗೆ ಅದು ಜೀವನ. ಆದರೆ 2025ರಲ್ಲಿ ಅಮೆರಿಕದ ಆಹಾರ ಮತ್ತು ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ, ಅಡಿಕೆಯಲ್ಲಿರುವ ಆಲ್ಕಲಾಯ್ಡ್ ಎಂಬ ಹಾನಿಕರ ರಾಸಾಯನಿಕ ಅಂಶ ತಟ್ಟೆಯಿಂದ ಆಹಾರಕ್ಕೆ ಇಳಿಯಬಹುದೆಂದು ಅದನ್ನು ಒಪ್ಪುವುದಿಲ್ಲ ಎಂದಾಗ ನಮ್ಮ ಕಡೆಯ ಘಟಕಗಳಿಗೆ ದೊಡ್ಡ ಪೆಟ್ಟು ಬಿತ್ತು. ತಟ್ಟೆ ಮಾಡುವವರ ಸಂಕಟ ನನಗೆ ಅರ್ಥವಾಗುತ್ತದೆ. ಆದರೂ ತೊಳೆದು ಮತ್ತೆ ನೂರು ಸಲ ಬಳಸುವ ಸ್ಟೀಲ್ ತಟ್ಟೆ ಮೂರು ರೂಪಾಯಿಗೆ ಸಿಗುವಾಗ, ಒಂದು ಉಪ್ಪಿಟ್ಟಿಗೆ ಯಾವುದೇ ಎಸೆಯುವ ತಟ್ಟೆ ಏಕೆ ಎಂದೇ ಕೊನೆಗೆ ತೀರ್ಮಾನಿಸಿದೆ. ತೊಳೆಯಲು ನೀರೇ ಇಲ್ಲದ ತೋಟದ ಮನೆಯಲ್ಲೋ ಬಯಲಿನಲ್ಲೋ ಕಾರ್ಯಕ್ರಮ ಇದ್ದರೆ ನನ್ನ ಆಯ್ಕೆ ಬೇರೆ ಇರಬಹುದು.

ಐಸ್‌ಕ್ರೀಮಿನ ಬದಲು ಬಾಳೆಹಣ್ಣಿನ ರಸಾಯನವನ್ನು ಬಟ್ಟಲಲ್ಲಿ ಕೊಟ್ಟೆವು. ಮಕ್ಕಳೂ ಎರಡೆರಡು ಸಲ ಹಾಕಿಸಿಕೊಂಡರು.

ಪಾತ್ರೆಯಷ್ಟೇ ಮುಖ್ಯವಾದದ್ದು ಅನ್ನದ ಲೆಕ್ಕ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದವರು ಹಿಂದೊಮ್ಮೆ ಅಲ್ಲಿಯ 75 ಕಲ್ಯಾಣ ಮಂಟಪಗಳಲ್ಲಿ ಸಮೀಕ್ಷೆ ಮಾಡಿ, ಆ ಒಂದು ನಗರದ ಮದುವೆಗಳಲ್ಲೇ ವರ್ಷಕ್ಕೆ 943 ಟನ್ ಒಳ್ಳೆಯ ಆಹಾರ ಹಾಳಾಗುತ್ತದೆ ಎಂದು ಅಂದಾಜು ಮಾಡಿದ್ದರು. ಅಷ್ಟು ಅಕ್ಕಿ, ಬೇಳೆ, ತುಪ್ಪ ಬೆಳೆಯಲು ಮತ್ತು ಬೇಯಿಸಲು ಹೋದ ನೀರು, ಸೌದೆ, ಗ್ಯಾಸು ನೆನೆದರೆ ಲೋಟದ ಕಸ ಏನೂ ಅಲ್ಲ. ಭಟ್ಟರು 40 ಕಿಲೋ ಅಕ್ಕಿ ಎಂದರು. ನಾನು 30 ಹಾಕಿ, ಐದು ಕಿಲೋ ತೊಳೆಯದೆ ಇಟ್ಟುಕೊಳ್ಳಿ, ಎರಡನೇ ಪಂಕ್ತಿ ಕೂತ ಮೇಲೆ ನೋಡೋಣ ಎಂದೆ. “ಕಡಿಮೆ ಬಿದ್ರೆ ನನ್ನ ಹೆಸರು ಹೋಗುತ್ತೆ” ಎಂದು ಅವರಿಗೆ ಅಳುಕು. ಈ ಅಂಗಡಿಯವರು ದೊಡ್ಡ ಕೊಪ್ಪರಿಗೆ ಒಂದರ ಬದಲು ಮಧ್ಯಮ ಗಾತ್ರದ ಎರಡು ಕೊಳಗ ಕೊಡುತ್ತೇವೆ, ಭಟ್ಟರ ಒಲೆಗೆ ಅದು ಒಪ್ಪುತ್ತದೆ ಎಂದು ಹೇಳಿ, ಅದಕ್ಕೆ ಬಾಡಿಗೆಯನ್ನೂ ಸೇರಿಸಲಿಲ್ಲ. ಹಾಗಾಗಿ ಅನ್ನ ಎರಡು ಸಲ ಬಿಸಿಬಿಸಿಯಾಗಿ ಆಯಿತು. ಬಡಿಸುವ ಹುಡುಗರಿಗೆ ಮೊದಲ ಸಲ ಸ್ವಲ್ಪವೇ ಹಾಕಿ, ಕೇಳಿ ಮತ್ತೆ ಹಾಕಿ ಎಂದು ಭಟ್ಟರೇ ಹೇಳಿದರು. ಎತ್ತಿಟ್ಟ ಐದು ಕಿಲೋ ಅಕ್ಕಿ ಮುಟ್ಟಲೇ ಇಲ್ಲ. ಉಳಿದದ್ದು ಒಂದು ಬಕೆಟ್ ಹುಳಿ, ಅರ್ಧ ಕೊಳಗ ಅನ್ನ. ಮೊದಲೇ ಮಾತಾಡಿಟ್ಟಿದ್ದ ವೃದ್ಧಾಶ್ರಮಕ್ಕೆ ಎರಡೂವರೆಯೊಳಗೆ ತಲುಪಿಸಿದೆವು.

ಬಾಳೆ ಎಲೆಯನ್ನೆಲ್ಲ ಹಸು ಕಟ್ಟಿರುವವರೊಬ್ಬರು ಬಂದು ಒಯ್ದರು. ಒಯ್ಯುವ ಮುಂಚೆ ರಾಶಿಯ ಪಕ್ಕ ಕೂತು ಕೈಯಾಡಿಸಿ ನೋಡಿದರು, ಪ್ಲಾಸ್ಟಿಕ್ ಇದೆಯೋ ಎಂದು. “ಏನಿಲ್ಲ ಅಕ್ಕೋರೆ, ಬರೀ ಎಲೆ” ಎಂದರು. ಅದನ್ನು ಕೇಳಿದಾಗ ನನಗೆ ಗಂಟಲು ಕಟ್ಟಿತು. ಕಾರ್ಪೊರೇಷನ್ ಗಾಡಿಗೆ ನಾವು ಕೊಟ್ಟದ್ದು ಒಂದೂವರೆ ಬುಟ್ಟಿ ಒಣ ಕಸ: ಹಾಲಿನ ಪ್ಯಾಕೆಟ್ಟು, ಎಣ್ಣೆ ಕವರು, ಹೂವು ಕಟ್ಟಿದ್ದ ದಾರ.

ಕೊರತೆಗಳೂ ಇವೆ. ಅಂಗಡಿಯವರು ಮನೆಗೆ ತಲುಪಿಸುವುದಿಲ್ಲ, ಆಟೋ ನಾವೇ ಮಾಡಬೇಕು. ಮಧ್ಯಾಹ್ನ ಒಂದರಿಂದ ನಾಲ್ಕರವರೆಗೆ ಬಾಗಿಲು ಹಾಕಿರುತ್ತದೆ, ಫೋನೂ ಎತ್ತುವುದಿಲ್ಲ. ಪಾತ್ರೆ ತೊಳೆದೇ ಕೊಡುತ್ತಾರೆ, ಆದರೆ ಪೇರಿಸಿಟ್ಟ ಧೂಳು ಇರುತ್ತದೆ, ಹಿಂದಿನ ರಾತ್ರಿ ಒಮ್ಮೆ ಜಾಲಿಸಿಕೊಳ್ಳಲೇಬೇಕು. ಎರಡು ಬಟ್ಟಲಿನ ಅಂಚು ಚೂಪಾಗಿತ್ತು, ಮಕ್ಕಳ ಕೈಗೆ ಹೋಗದಂತೆ ತೆಗೆದಿಟ್ಟೆವು. ಒಂದು ಡ್ರಮ್ಮಿನ ನಲ್ಲಿ ತೊಟ್ಟಿಕ್ಕುತ್ತಿತ್ತು, ಇಡೀ ಬೆಳಿಗ್ಗೆ ಕೆಳಗೆ ಚೊಂಬು ಇಟ್ಟುಕೊಂಡೇ ಕಳೆದೆವು. ವಾಪಸು ಕೊಡುವಾಗ ಹೇಳಿದ್ದಕ್ಕೆ ಯಜಮಾನರು ಅಲ್ಲೇ ಆ ನಲ್ಲಿಗೆ ಕೆಂಪು ದಾರ ಕಟ್ಟಿ ಬದಿಗಿಟ್ಟರು.

ಬೆಂಗಳೂರಿನವರಿಗೆ ಅದಮ್ಯ ಚೇತನ ಎಂಬ ಸೇವಾ ಸಂಸ್ಥೆಯ ಪ್ಲೇಟ್ ಬ್ಯಾಂಕ್ ಇದೆ, ಅಲ್ಲಿ ಸ್ಟೀಲ್ ತಟ್ಟೆ ಲೋಟ ಸಿಗುತ್ತದೆ. ಉಳಿದ ಊರುಗಳಲ್ಲಿ ಶಾಮಿಯಾನದವರನ್ನು ಕೇಳಿ, ಇಂಥದ್ದೊಂದು ಅಂಗಡಿ ಯಾವುದಾದರೂ ಓಣಿಯಲ್ಲಿ ಇದ್ದೇ ಇರುತ್ತದೆ. ಕೇಳುವವರಿಲ್ಲದೆ ಲೋಟಗಳನ್ನು ಗುಜರಿಗೆ ಹಾಕುವ ಯೋಚನೆ ಬಂದಿತ್ತು ಎಂದು ನಮ್ಮ ಅಂಗಡಿಯ ಅಮ್ಮ ಹೇಳಿದರು. ಈಗ ದೊಡ್ಡ ಕೊಳಗ ಕೇಳಿ ಬರುವವರೇ ಹೆಚ್ಚು, ಲೋಟ ಕೇಳಿದವರು ಈ ವರ್ಷ ನಾವು ಎರಡನೆಯವರಂತೆ.

ಲಗ್ನದ ದಿನಗಳಿದ್ದರೆ 15 ದಿನ ಮುಂಚೆಯೇ ಹೇಳಿಡಿ. ಮಾಘದಲ್ಲಿ ತಮ್ಮನ ಮನೆ ಗೃಹಪ್ರವೇಶ ಇದೆ, ನಾನು 200 ರೂಪಾಯಿ ಮುಂಗಡ ಕೊಟ್ಟು 250 ಲೋಟ ಬರೆಸಿ ಬಂದಿದ್ದೇನೆ. 1983ರ ಲೋಟ ಅದರಲ್ಲಿ ಇರಲೇಬೇಕು ಎಂದು ಅಪ್ಪ ಹೇಳಿದ್ದನ್ನೂ ಯಜಮಾನರು ಪುಸ್ತಕದಲ್ಲಿ ಬರೆದುಕೊಂಡಿದ್ದಾರೆ.