ಹಿರಿಯರ ಮನೋವೈದ್ಯ ಸೇವೆ ಮನೆ ಭೇಟಿಯಿಂದ ವಿಡಿಯೋ ಕಾಲ್‌ಗೆ ಬದಲಾದ ಮೇಲೆ: ಬಹುಕಾಲದ ಬಳಕೆಯ ನಂತರ

ಬುಕಿಂಗ್, ಆ್ಯಪ್, ನೆನಪಿಸುವ ಮೆಸೇಜು ಎಲ್ಲವೂ ಸರಿಯಾಗಿವೆ. ತಕರಾರು ಇರುವುದು ಸ್ಪೀಕರ್ ಫೋನಿನ ಬಗ್ಗೆ.

ಖಿನ್ನತೆ ಇದೆಯೇ ಎಂದು ತಿಳಿಯಲು ಕೇಳುವುದು 15 ಪ್ರಶ್ನೆಗಳ ಪಟ್ಟಿ. ಉತ್ತರ ಹೌದು ಅಥವಾ ಇಲ್ಲ. ಅಂಕ 5 ದಾಟಿದರೆ ಮುಂದಿನ ತಪಾಸಣೆ. ನರ್ಸ್ ಮನೆಗೆ ಬರುತ್ತಿದ್ದಾಗ ಕೋಣೆಯ ಬಾಗಿಲು ಮುಂದೆ ಮಾಡಿ, ಮಂಚದ ಪಕ್ಕ ಕೂತು ನಿಧಾನವಾಗಿ ಕೇಳುತ್ತಿದ್ದರು. ಈಗ ಮಗನೋ ಸೊಸೆಯೋ ಫೋನ್ ಹಿಡಿದು ನಿಂತಿರುತ್ತಾರೆ. ಬದುಕು ಬರಿದೆನಿಸುತ್ತದೆಯೇ ಎಂದು ಅವರೆದುರೇ ಕೇಳಿದರೆ ಯಾವ ತಾಯಿ ಹೌದೆನ್ನುತ್ತಾಳೆ? ಅಂಕ 3ಕ್ಕೆ ನಿಲ್ಲುತ್ತದೆ, ಫೈಲು ಮುಚ್ಚುತ್ತದೆ. ಕಿವಿ ಮಂದವಾದವರಂತೂ ಕೇಳಿಸದ ಪ್ರಶ್ನೆಗೂ ಸುಮ್ಮನೆ ತಲೆಯಾಡಿಸುತ್ತಾರೆ.

ಮಾತ್ರೆ ಎಣಿಕೆಯೂ ಹೋಯಿತು. ನರ್ಸ್ ಬಂದವರೇ ಮೊದಲು ಡಬ್ಬಿ ತೆರೆಯುತ್ತಿದ್ದರು. 28 ದಿನದ ಮಾತ್ರೆಯಲ್ಲಿ ಕೊನೆಗೆ 9 ಉಳಿದಿದ್ದರೆ ಕಥೆ ಅಲ್ಲೇ ಗೊತ್ತಾಗುತ್ತಿತ್ತು. ಖಿನ್ನತೆಗೆ ಕೊಡುವ ಎಸ್‌ಎಸ್‌ಆರ್‌ಐ ಮಾತ್ರೆಗಳಿಂದ ಮೊದಲ ಕೆಲವು ವಾರಗಳಲ್ಲಿ ಕೆಲವು ಹಿರಿಯರಿಗೆ ರಕ್ತದ ಸೋಡಿಯಂ ಇಳಿಯುತ್ತದೆ. ಬಿಪಿಗೆಂದು ಮೂತ್ರ ಹೆಚ್ಚಿಸುವ ಮಾತ್ರೆ ನುಂಗುವವರಿಗೆ ಅಪಾಯ ಇನ್ನೂ ಜಾಸ್ತಿ. ಸುಸ್ತು, ವಾಕರಿಕೆ, ಗೊಂದಲ, ಕಾಲು ತಡವರಿಸುವುದು ಇದರ ಗುರುತು. ವಿಡಿಯೋದಲ್ಲಿ ಇದೇ ಗೊಂದಲ ವಯಸ್ಸಿನ ಮರೆವಿನಂತೆ ಕಾಣುತ್ತದೆ. ಎರಡು ವಾರದ ಹೊತ್ತಿಗೆ ಒಂದು ಸೋಡಿಯಂ ಪರೀಕ್ಷೆ ಮಾಡಿಸಿದ್ದರೆ ಗೊತ್ತಾಗುವ ಸಂಗತಿ ಇದು.

ಹೀಗೆ ಕಣ್ಣಿಟ್ಟು ನೋಡುವ ಕೆಲಸ ಸೇವೆಯಿಂದ ಹೋಗಿದ್ದು ಊರಿನ ಮೇಲೆ ಬಿದ್ದಿದೆ. ಒಂದೇ ನಿದ್ದೆ ಮಾತ್ರೆಗೆ ಎರಡನೇ ಚೀಟಿ ಬಂದಾಗ ತಡೆಯಬೇಕಾದವರು ಔಷಧ ಅಂಗಡಿಯವರು. ಬೆಳಿಗ್ಗೆ ಬಾಗಿಲು ತೆರೆಯಲಿಲ್ಲವೆಂದು ಗಮನಿಸಬೇಕಾದವರು ಪಕ್ಕದ ಮನೆಯವರು. ಯಾರೂ ಗಮನಿಸದಿದ್ದರೆ ಬಿದ್ದು ಸೊಂಟದ ಮೂಳೆ ಮುರಿದುಕೊಂಡವರನ್ನು ಆಂಬುಲೆನ್ಸ್ ಹೊತ್ತು ತರುತ್ತದೆ, ತುರ್ತು ವಿಭಾಗದ ಹಾಸಿಗೆ ತುಂಬುತ್ತದೆ, ಮನೆಯಲ್ಲೊಬ್ಬರು ಕೆಲಸ ಬಿಡುತ್ತಾರೆ.

ಇಷ್ಟು ಬೇಸರದ ನಡುವೆಯೂ ಒಂದು ಬದಲಾವಣೆಗೆ ಮನಸಾರೆ ಕೈಮುಗಿಯಬೇಕು: ನೋಡಿಕೊಳ್ಳುವವರಿಗೆಂದೇ ಪ್ರತ್ಯೇಕ ಕರೆ. ಹಿರಿಯರು ಮಲಗಿದ ಮೇಲೆ ಅಡುಗೆಮನೆಯಲ್ಲಿ ನಿಂತು ಮಾತಾಡಬಹುದು. ನೋಡಿಕೊಳ್ಳುವವರ ಹೊರೆ ಅಳೆಯಲು 22 ಪ್ರಶ್ನೆ, ಒಂದೊಂದಕ್ಕೆ 0ಯಿಂದ 4 ಅಂಕ, ಒಟ್ಟು 88. ನಿಮಗೆಂದು ಸಮಯ ಸಿಗುತ್ತಿದೆಯೇ, ಸಿಟ್ಟು ಬರುತ್ತಿದೆಯೇ ಎಂದು ಕೇಳುತ್ತಾರೆ. ಮನೆ ಭೇಟಿಯಲ್ಲಿ ಹಿರಿಯರ ಎದುರು ಇದನ್ನು ಕೇಳಲು ಆಗುತ್ತಲೇ ಇರಲಿಲ್ಲ. ಹಿರಿಯರ ಗುಟ್ಟಿನ ಮಾತನ್ನು ಕಿತ್ತುಕೊಂಡ ಫೋನೇ ಸೊಸೆಗೆ ಆ ಅವಕಾಶ ಕೊಟ್ಟಿದೆ.

ಈ ಸೇವೆ ಬಳಸುವವರು ಕರೆಗೆ ಮುಂಚೆ ಶ್ರವಣ ಸಾಧನದ ಬ್ಯಾಟರಿ ನೋಡಿ. ಫೋನನ್ನು ಮೇಜಿಗೆ ಒರಗಿಸಿಟ್ಟು, ಪ್ರಶ್ನೆಗಳು ಮುಗಿಯುವ ತನಕ ಕೋಣೆಯಿಂದ ಹೊರಗಿರಿ. ಆಮೇಲೆ ಬಂದು ಉಳಿದ ಮಾತ್ರೆಗಳನ್ನು ಸ್ಟ್ರಿಪ್ ಸಮೇತ ಕ್ಯಾಮೆರಾಕ್ಕೆ ಹಿಡಿಯಿರಿ, ಬೇರೆ ವೈದ್ಯರು ಬರೆದದ್ದನ್ನೂ ಸೇರಿಸಿ. ನಿದ್ದೆ ಮಾತ್ರೆ ಜಾಸ್ತಿಯಾಗಿದೆ ಅನ್ನಿಸಿದರೂ ನೀವಾಗಿಯೇ ಥಟ್ಟನೆ ನಿಲ್ಲಿಸಬೇಡಿ; ವೈದ್ಯರು ಹೇಳಿದಂತೆ ಹಂತಹಂತವಾಗಿ ಇಳಿಸಬೇಕು. ಕೊನೆಗೆ, ಕುರ್ಚಿಯಿಂದ ಎದ್ದು 3 ಮೀಟರ್ ನಡೆದು ತಿರುಗಿ ಬಂದು ಕೂರುವುದನ್ನು ತೋರಿಸಿ. 12 ಸೆಕೆಂಡು ಅಥವಾ ಹೆಚ್ಚು ಹಿಡಿದರೆ ಬೀಳುವ ಅಪಾಯದ ಬಗ್ಗೆ ಕೇಳಿ.

ಮನೆಯಲ್ಲಿ ಜನರಿದ್ದು ಕಿವಿ ಚುರುಕಾಗಿದ್ದರೆ ಈ ಸೇವೆ ಸಾಕು. ಒಂಟಿಯಾಗಿರುವ ಹಿರಿಯರಿಗೆ ನಡುನಡುವೆ ಮನೆ ಭೇಟಿ ಕೊಡಲು ಒಪ್ಪದಿದ್ದರೆ ಸೇರಿಸಬೇಡಿ.