1927ರ ಯಾಂಕೀಸ್, 1998ರ ಯಾಂಕೀಸ್: ದಾಳದಲ್ಲೋ, ಕಂಪ್ಯೂಟರಿನಲ್ಲೋ?

ನ್ಯೂಯಾರ್ಕಿನ ಬೇಸ್‌ಬಾಲ್ ತಂಡ ಯಾಂಕೀಸ್ 1927ರಲ್ಲಿ 154 ಪಂದ್ಯಗಳಲ್ಲಿ 110 ಗೆದ್ದಿತು. 1998ರ ಯಾಂಕೀಸ್ 162ರಲ್ಲಿ 114. ಎರಡೂ ವರ್ಲ್ಡ್ ಸೀರೀಸನ್ನು (ಋತುವಿನ ಕೊನೆಯ ಫೈನಲ್ ಸರಣಿ) 4-0ಯಿಂದ ಬಾಚಿಕೊಂಡ ತಂಡಗಳೇ. ಇವನ್ನು ಎದುರುಬದುರು ಕೂರಿಸಿದರೆ ಗೆಲ್ಲುವವರು ಯಾರು ಅನ್ನುವುದನ್ನು ಬಹಳಮಟ್ಟಿಗೆ ನೀವು ಆರಿಸಿದ ಆಟವೇ, ಅಂದರೆ ಆಟಗಾರರ ನಿಜವಾದ ಅಂಕಿಅಂಶದಿಂದ ಪಂದ್ಯ ಆಡಿಸುವ ದಾಳದ ಇಲ್ಲವೇ ಕಂಪ್ಯೂಟರಿನ ಆಟವೇ, ತೀರ್ಮಾನಿಸಿಬಿಡುತ್ತದೆ.

ಆಪ್‌ಬಾ 1951ರಿಂದ ಇರುವ ಆಟ. ಎರಡು ದಾಳ, ದೊಡ್ಡದು ಹತ್ತರ ಸ್ಥಾನ, ಚಿಕ್ಕದು ಬಿಡಿ ಸ್ಥಾನ. 11ರಿಂದ 66ರವರೆಗೆ 36 ಸಾಧ್ಯತೆ. ಬಿದ್ದ ಅಂಕಿಯನ್ನು ಬ್ಯಾಟರ್‌ನ ಕಾರ್ಡಿನಲ್ಲಿ ನೋಡಿ, ಅಲ್ಲಿ ಸಿಕ್ಕ ಸಂಖ್ಯೆಯನ್ನು ಬೇಸ್‌ಗಳಲ್ಲಿ ಯಾರಿದ್ದಾರೆ ಎಂಬುದಕ್ಕೆ ತಕ್ಕ ಪಟ್ಟಿಯಲ್ಲಿ ಹುಡುಕಬೇಕು. ಕೈ ಪಳಗಿದರೆ ಅರ್ಧ ಗಂಟೆಗೆ ಒಂದು ಪಂದ್ಯ ಮುಗಿಯುತ್ತದೆ. ತೊಡಕು ಚೆಂಡೆಸೆಯುವ ಪಿಚರ್‌ಗಳದ್ದು: ಮೂಲ ಆಟದಲ್ಲಿ ಅವರಿಗೆ ಎ, ಬಿ, ಸಿ, ಡಿ ದರ್ಜೆ ಅಷ್ಟೆ. ಒಳ್ಳೆಯ ದರ್ಜೆ ಕೆಲವು ಸಿಂಗಲ್‌ಗಳನ್ನು (ಬ್ಯಾಟರ್‌ನನ್ನು ಒಂದು ಬೇಸ್ ತಲುಪಿಸುವ ಹೊಡೆತ) ಔಟ್ ಮಾಡುತ್ತದೆ. 1927ರ ತಂಡದ ಬೇಬ್ ರೂತ್ 66 ಉರುಳಿಸಿದರೆ ಮಾತ್ರ ಅದು ಹೋಮ್ ರನ್ (ಸಾಮಾನ್ಯವಾಗಿ ಚೆಂಡು ಅಂಗಳದಾಚೆ ಹೋಗುವ ಹೊಡೆತ), ಯಾವ ದರ್ಜೆಯೂ ತಡೆಯದು.

ಸ್ಟ್ರಾಟ್-ಓ-ಮ್ಯಾಟಿಕ್ (1961) ಎಂಬ ಇನ್ನೊಂದು ದಾಳದ ಆಟ ಈ ತೊಡಕನ್ನು ಚೆನ್ನಾಗಿ ಬಿಡಿಸುತ್ತದೆ. ಬಿಳಿ ದಾಳದಲ್ಲಿ 1–3 ಬಿದ್ದರೆ ಬ್ಯಾಟರ್ ಕಾರ್ಡು, 4–6 ಬಿದ್ದರೆ ಪಿಚರ್ ಕಾರ್ಡು. ಉಳಿದೆರಡು ದಾಳದ ಮೊತ್ತ ಯಾವ ಸಾಲು ಎಂದು ಹೇಳುತ್ತದೆ. ಅಂದರೆ ಅರ್ಧ ಆಟ ಪಿಚರ್‌ನ ಕೈಯಲ್ಲಿ. 1927ರಲ್ಲಿ ರೂತ್ ಒಬ್ಬನೇ 60 ಹೋಮ್ ರನ್ ಹೊಡೆದ. ಯಾಂಕೀಸ್ ಆಡುವ ಅಮೆರಿಕನ್ ಲೀಗಿನ ಬೇರೆ ಯಾವ ತಂಡವೂ ಇಡೀ ತಂಡವಾಗಿ ಅಷ್ಟು ಹೊಡೆಯಲಿಲ್ಲ. ಹಾಗಾಗಿ ಆ ಕಾಲದ ಪಿಚರ್ ಕಾರ್ಡುಗಳಲ್ಲಿ ಹೋಮ್ ರನ್ ಅಪರೂಪ, 1998ರ ಬ್ಯಾಟರ್‌ಗಳು ಸೊರಗುತ್ತಾರೆ. 1998ರ ಪಿಚರ್ ಕಾರ್ಡಿನಲ್ಲಿ ಹೋಮ್ ರನ್ ಧಾರಾಳ, ರೂತ್‌ಗೆ ಹಬ್ಬ. ಆದರೂ ಮೇಜಿನ ಮೇಲೆ ಆಡುವುದಾದರೆ ನಮ್ಮ ಮತ ಸ್ಟ್ರಾಟ್-ಓ-ಮ್ಯಾಟಿಕ್‌ಗೇ.

ಆದರೆ ಒಂದು ಸರಣಿ ಆಡಿ ತೀರ್ಪು ಕೊಡಬೇಡಿ. ಗೆಲುವಿನ ಸರಾಸರಿ .714 ಮತ್ತು .704, ಇವನ್ನು ಬೇಸ್‌ಬಾಲ್ ಅಂಕಿಅಂಶ ತಜ್ಞ ಬಿಲ್ ಜೇಮ್ಸ್ ಅವರ ಲಾಗ್5 ಸೂತ್ರಕ್ಕೆ (ಎರಡು ತಂಡಗಳ ಸರಾಸರಿಯಿಂದ ಗೆಲುವಿನ ಸಾಧ್ಯತೆ ಹೇಳುವಂಥದ್ದು) ಹಾಕಿದರೆ ಒಂದು ಪಂದ್ಯದಲ್ಲಿ 1927ರವರಿಗೆ ಶೇ. 51.2, ಏಳು ಪಂದ್ಯಗಳ ಸರಣಿಯಲ್ಲಿ ಸುಮಾರು ಶೇ. 52.6. ಇಷ್ಟು ಸಣ್ಣ ಅಂತರ ಕಾಕತಾಳೀಯವಲ್ಲ ಎನ್ನಲು ಸುಮಾರು 1,400 ಸರಣಿ ಬೇಕು. ದಾಳದಲ್ಲಿ ಅದು ಆಗದ ಮಾತು. ಇಲ್ಲಿ ಔಟ್ ಆಫ್ ದಿ ಪಾರ್ಕ್‌ನಂಥ ಕಂಪ್ಯೂಟರ್ ಆಟವೇ ಸರಿ. ಸೂತ್ರಕ್ಕೂ ಒಂದು ಕುರುಡು ಇದೆ: ಆಯಾ ತಂಡ ತನ್ನ ಕಾಲದ ಎದುರಾಳಿಗಳ ಮೇಲೆ ಗೆದ್ದದ್ದಷ್ಟೇ ಅದಕ್ಕೆ ಗೊತ್ತು. 1927ರವರು ಆಡಿದ್ದು 1947ಕ್ಕೆ ಮೊದಲು ಕರಿಯ ಆಟಗಾರರನ್ನು ಹೊರಗಿಟ್ಟಿದ್ದ ಲೀಗಿನಲ್ಲಿ ಎಂಬುದು ಲೆಕ್ಕಕ್ಕೆ ಬರುವುದಿಲ್ಲ.

ಯಾವ ಆಟ ಹಿಡಿದರೂ ತೊಡಕಾಗುವುದು 1998ರ ತಂಡದಲ್ಲಿ ಪಂದ್ಯದ ಕೊನೆಗೆ ಎಸೆಯಲು ಬರುತ್ತಿದ್ದ ಪಿಚರ್ ಮರಿಯಾನೊ ರಿವೆರಾ. 1998ರಲ್ಲಿ ಆತ 54 ಪಂದ್ಯಗಳಲ್ಲಿ ಎಸೆದದ್ದು 61 ಇನಿಂಗ್ಸ್ ಚಿಲ್ಲರೆ. ಮಿತಿ ಹಾಕದಿದ್ದರೆ ದಾಳ ಹಿಡಿದವರು ಪ್ರತಿ ಪಂದ್ಯದ ಕೊನೆಯ ಮೂರು ಇನಿಂಗ್ಸನ್ನೂ ಆತನಿಗೇ ಕೊಟ್ಟುಬಿಡುತ್ತಾರೆ. ಒಂದು ಪಂದ್ಯಕ್ಕೆ ಎರಡು ಇನಿಂಗ್ಸ್, ಸತತ ಮೂರನೆಯ ದಿನ ವಿಶ್ರಾಂತಿ ಎಂದು ಬರೆದಿಡಿ. 1927ರ ತಂಡದ ಪಿಚರ್ ವಿಲ್ಸಿ ಮೂರ್ ಸಂಗತಿಯೇ ಬೇರೆ: 50 ಪಂದ್ಯ, 213 ಇನಿಂಗ್ಸ್. ಆತನಿಗೆ ರಿವೆರಾನ ಮಿತಿ ಹಾಕಿದರೆ 1927ರವರಿಗೆ ಮೋಸ.

ಇನ್ನು ಡಿಎಚ್, ಅಂದರೆ ಪಿಚರ್‌ನ ಬದಲು ಬ್ಯಾಟ್ ಮಾತ್ರ ಮಾಡುವವನು. ಅಮೆರಿಕನ್ ಲೀಗಿಗೆ ಅದು ಬಂದದ್ದು 1973ರಲ್ಲಿ. ಎಲ್ಲ ಪಂದ್ಯಕ್ಕೂ ಇಟ್ಟರೆ 1927ರವರು ಬೆಂಚಿನಿಂದ ಬೆನ್ ಪಾಸ್ಕಲ್‌ನಂಥವರನ್ನು ಎಳೆದು ತರಬೇಕು. ತೆಗೆದರೆ 1998ರ ಪಿಚರ್‌ಗಳು ಬ್ಯಾಟ್ ಹಿಡಿದು ನಿಲ್ಲಬೇಕು. 1986ರಿಂದ ವರ್ಲ್ಡ್ ಸೀರೀಸಿನಲ್ಲಿ ಬಹುಕಾಲ ನಡೆದ ಪದ್ಧತಿಯನ್ನೇ ಹಿಡಿಯಿರಿ: ಯಾರ ಅಂಗಳವೋ ಅವರ ನಿಯಮ.